160 ವರ್ಷದ ದ್ರಾಕ್ಷಿ ಬಳ್ಳಿ ಇನ್ನೂ ಹಣ್ಣು ಬಿಡುತ್ತಿದೆ: ಹಿಲ್ ಆಫ್ ಗ್ರೇಸ್ ಕಥೆ

(ದೃಶ್ಯ: ಪುಣೆ, ಕೋಥ್‌ರೂಡ್‌ನ ಮನೆ. ಟೇಬಲ್ ಮೇಲೆ ಹಳೇ ಪೇಪರ್ ಹಾಸಿದೆ. ಅದರ ಮೇಲೆ ಒಣಗಿದ ದ್ರಾಕ್ಷಿ ಬಳ್ಳಿಯ ಬೊಡ್ಡೆ.)

ಎಲ್ಲರಿಗೂ ನಮಸ್ಕಾರ. ಇದು ನಮ್ಮ ಅಪ್ಪನ ತೋಟದ ಬಳ್ಳಿ. ವಿಜಯಪುರದ ಹತ್ತಿರದ ತೋಟ. ಹೋದ ಸಲ ಊರಿಗೆ ಹೋದಾಗ ಪುಣೆಗೆ ತಂದೆ.

ಸ್ವಲ್ಪ ಹತ್ತಿರ ತರುತ್ತೇನೆ, ನೋಡಿ. ತೊಗಟೆ ಹೇಗೆ ಪಟ್ಟಿ ಪಟ್ಟಿಯಾಗಿ ಏಳುತ್ತಿದೆ. ಉಗುರಿನಲ್ಲಿ ಹಿಡಿದು ಎಳೆದರೆ ನಾರಿನ ಹಾಗೆ ಬರುತ್ತದೆ. ಈ ಗಂಟು ಕಾಣಿಸಿತಾ? ಇದು ಕಸಿ ಕಟ್ಟಿದ ಜಾಗ. ಗಂಟಿನ ಕೆಳಗೆ ಡಾಗ್‌ರಿಡ್ಜ್ ಅನ್ನುವ ಬೇರಿನ ತಳಿ, ಮೇಲೆ ಥಾಮ್ಸನ್ ಅನ್ನುವ ದ್ರಾಕ್ಷಿ ತಳಿ. ಬೇರು ಒಂದರದ್ದು, ಹಣ್ಣು ಇನ್ನೊಂದರದ್ದು.

ಇದಕ್ಕೆ 14 ವರ್ಷ ಆಗಿತ್ತು. ಇಳುವರಿ ಬಿದ್ದಿತ್ತು. ಅಪ್ಪ ಇಡೀ ಪ್ಲಾಟ್ ಕೀಳಿಸಿದರು. "ಇದಕ್ಕ ವಯಸ್ಸಾತವಾ, ಇನ್ನ ಇದರಾಗ ಏನೂ ಉಳದಿಲ್ಲ" ಅಂದರು. ಜೆಸಿಬಿ ಬಂದ ದಿನ ಮಧ್ಯಾಹ್ನ ಅವರು ಊಟಕ್ಕೆ ಬರಲಿಲ್ಲ. ತೋಟದ ಬದುವಿನ ಮೇಲೆ ಕೂತೇ ಇದ್ದರು.

ನಮ್ಮ ಕಡೆ 14 ವರ್ಷದ್ದು ಮುದಿ ಬಳ್ಳಿ. ಆಸ್ಟ್ರೇಲಿಯಾದ ಒಂದು ತೋಟದಲ್ಲಿ 1860ರ ಸುಮಾರಿಗೆ ನೆಟ್ಟ ಬಳ್ಳಿಗಳು ಈಗಲೂ ಫಸಲು ಕೊಡುತ್ತಿವೆ. ಇವತ್ತಿನ ವಿಡಿಯೋ ಆ ಬಳ್ಳಿಗಳ ಬಗ್ಗೆ, ಅವುಗಳಿಂದ ಬರುವ ಕೆಂಪು ವೈನ್ ಬಗ್ಗೆ, ಆ ವೈನ್‌ಗೆ ಹೆಸರು ಕೊಟ್ಟ ಸಿರಿಲ್ ಹೆನ್ಷ್ಕಿ ಬಗ್ಗೆ.

(ತೆರೆ ಮೇಲೆ ನಕ್ಷೆ: ದಕ್ಷಿಣ ಆಸ್ಟ್ರೇಲಿಯಾ, ಅಡಿಲೇಡ್, ಈಡನ್ ವ್ಯಾಲಿ)

ಅಡಿಲೇಡ್ ಊರಿನ ಈಶಾನ್ಯಕ್ಕೆ ಬರೋಸಾ ಅನ್ನುವ ಸೀಮೆ. ಅದರ ಎತ್ತರದ ಭಾಗ ಈಡನ್ ವ್ಯಾಲಿ. ತೋಟ ಇರುವುದು ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್ ಮೇಲೆ. ಎದುರಿಗೇ ಗ್ನಾಡೆನ್‌ಬರ್ಗ್ ಅನ್ನುವ ಲುಥೆರನ್ ಚರ್ಚ್. ಜರ್ಮನ್ ಭಾಷೆಯ ಆ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿದರೆ ಹಿಲ್ ಆಫ್ ಗ್ರೇಸ್. ಕೃಪೆಯ ಬೆಟ್ಟ.

ಯುರೋಪಿನಿಂದ ಅಲ್ಲಿಗೆ ಬಂದು ನೆಲೆಸಿದವರಲ್ಲಿ ಸೈಲೀಷಿಯಾ ಕಡೆಯ ಜರ್ಮನ್ ರೈತರೂ ಇದ್ದರು. ಹೆನ್ಷ್ಕಿ ಮನೆತನದವರೂ ಅಲ್ಲಿಂದಲೇ ಬಂದವರು, 1841ರಲ್ಲಿ. ಈ ತೋಟದ ಮೊದಲ ಬಳ್ಳಿಗಳನ್ನು ನೆಟ್ಟವರು ಅವರ ನೆಂಟರಾದ ನಿಕೋಲಾಸ್ ಸ್ಟಾನಿಟ್ಸ್ಕಿ. ಆ ಹಳೇ ಪ್ಲಾಟಿಗೆ ಈಗ 'ಗ್ರ್ಯಾಂಡ್‌ಫಾದರ್ಸ್' ಅಂತ ಹೆಸರು. ಅಜ್ಜಂದಿರು! ನಮ್ಮಲ್ಲೂ ತೋಟಕ್ಕೆ ಹೀಗೇ ಹೆಸರಿಡುತ್ತಾರೆ ಅಲ್ವಾ, ಬಾವಿ ಪ್ಲಾಟು, ದೊಡ್ಡಪ್ಪನ ಪ್ಲಾಟು ಅಂತ. ಅಲ್ಲಿ ಚರ್ಚ್ ಬ್ಲಾಕ್ ಇದೆ, ಪೋಸ್ಟ್ ಆಫೀಸ್ ಬ್ಲಾಕ್ ಇದೆ.

ಈಗ ಸಿರಿಲ್ ವಿಷಯಕ್ಕೆ ಬರೋಣ. ಆ ಮನೆತನದ ನಾಲ್ಕನೇ ತಲೆಮಾರು. ಆ ಕಾಲದಲ್ಲಿ ಆಸ್ಟ್ರೇಲಿಯಾದ ಜನ ಕುಡಿಯುತ್ತಿದ್ದದ್ದು ಹೆಚ್ಚಾಗಿ ಸಿಹಿ ವೈನ್, ಬ್ರಾಂಡಿ ಬೆರೆಸಿ ಗಟ್ಟಿ ಮಾಡಿದ್ದು. ಗೋವಾಕ್ಕೆ ಹೋದವರು ತರುವ ಪೋರ್ಟ್ ವೈನ್ ನೆನಪಿಸಿಕೊಳ್ಳಿ, ಸರಿಸುಮಾರು ಆ ಜಾತಿ. ಅಂಥ ವೈನಿಗೆ ಯಾವ ತೋಟದ ಹಣ್ಣಾದರೂ ನಡೆಯುತ್ತದೆ. ಎಲ್ಲ ಒಟ್ಟಿಗೆ ಸುರಿದು ಬೆರೆಸಿಬಿಡಬಹುದು. ಸಿರಿಲ್ ಹಾಗೆ ಮಾಡಲಿಲ್ಲ. ಸಿಹಿ ಇಲ್ಲದ, ಊಟದ ಜೊತೆ ಕುಡಿಯುವ ವೈನ್ ಮಾಡಲು ಹೊರಟರು. ಮೌಂಟ್ ಎಡೆಲ್‌ಸ್ಟೋನ್ ತೋಟದ ಹಣ್ಣನ್ನು 1952ರಲ್ಲಿ ಬೇರೆ ಇಟ್ಟು ಅದೇ ಹೆಸರಿನಲ್ಲಿ ವೈನ್ ಮಾಡಿದರು. 1958ರಲ್ಲಿ ಚರ್ಚ್ ಎದುರಿನ ಈ ತೋಟದ ಶಿರಾಜ್ ದ್ರಾಕ್ಷಿಯನ್ನೂ ಬೇರೆ ಇಟ್ಟರು. ಅದೇ ಮೊದಲ ಹಿಲ್ ಆಫ್ ಗ್ರೇಸ್. ಆಗಲೇ ಆ ಅಜ್ಜಂದಿರಿಗೆ ಹತ್ತಿರ ಹತ್ತಿರ 100 ವರ್ಷ.

ನನಗೆ ಸಿರಿಲ್ ಇಷ್ಟವಾಗುವುದು ಇದಕ್ಕೇ. ಈ ವೈನಿಗಾಗಿ ಹೊಸ ತೋಟ ಹಾಕಲಿಲ್ಲ, ಬೇರೆ ತಳಿ ತರಲಿಲ್ಲ. ಹಿರಿಯರು ಬಿಟ್ಟುಹೋದದ್ದರಲ್ಲಿ ಯಾವುದು ಬೇರೆ, ಯಾವುದು ವಿಶೇಷ ಅಂತ ಗುರುತು ಹಿಡಿದರು.

(ದೃಶ್ಯ: ಮತ್ತೆ ಟೇಬಲ್. ಕೈಬೆರಳು ಕಸಿ ಗಂಟಿನ ಮೇಲೆ.)

ಆ ಬಳ್ಳಿಗಳು ಇಷ್ಟು ವರ್ಷ ಹೇಗೆ ಬದುಕಿದವು? ಮತ್ತೆ ಈ ಗಂಟನ್ನೇ ನೋಡಿ. ಹಿಲ್ ಆಫ್ ಗ್ರೇಸ್‌ನ ಹಳೇ ಬಳ್ಳಿಗಳಲ್ಲಿ ಈ ಗಂಟು ಇಲ್ಲ. ಅವು ಸ್ವಂತ ಬೇರಿನ ಮೇಲೆ ನಿಂತಿವೆ.

ಫಿಲಾಕ್ಸೆರಾ ಅಂತ ಒಂದು ಕೀಟ ಇದೆ. ಹೇನಿಗಿಂತ ಚಿಕ್ಕದು, ಬೇರಿಗೆ ಹತ್ತಿ ರಸ ಹೀರುತ್ತದೆ. ಮೂಲ ಅಮೆರಿಕ. 1860ರ ದಶಕದಲ್ಲಿ ಫ್ರಾನ್ಸಿಗೆ ಬಂದು ಯುರೋಪಿನ ಬಹುಪಾಲು ದ್ರಾಕ್ಷಿಯನ್ನು ಒಣಗಿಸಿಬಿಟ್ಟಿತು. ಕೊನೆಗೆ ಸಿಕ್ಕ ದಾರಿ ಒಂದೇ, ಆ ಕೀಟವನ್ನು ತಡೆಯುವ ಅಮೆರಿಕದ ಬೇರಿಗೆ ತಮ್ಮ ಕಡ್ಡಿ ಕಸಿ ಕಟ್ಟುವುದು. ನಮ್ಮ ಡಾಗ್‌ರಿಡ್ಜ್ ಕೂಡ ಅಮೆರಿಕ ಮೂಲದ್ದೇ. ಆದರೆ ನಾವು ಅದನ್ನು ತಂದದ್ದು ಕೀಟಕ್ಕಲ್ಲ, ಉಪ್ಪು ನೀರಿಗೆ, ಬರಕ್ಕೆ.

1877ರಲ್ಲಿ ಆ ಕೀಟ ಆಸ್ಟ್ರೇಲಿಯಾದ ವಿಕ್ಟೋರಿಯಾಕ್ಕೂ ಬಂತು. ಪಕ್ಕದ ದಕ್ಷಿಣ ಆಸ್ಟ್ರೇಲಿಯಾ ಬಾಗಿಲು ಹಾಕಿಕೊಂಡಿತು. ಹೊರಗಿನ ಕಡ್ಡಿ ತರುವುದಕ್ಕೆ ಬಿಗಿ ಕಾನೂನು ಮಾಡಿತು. ಹಾಗಾಗಿ ಯುರೋಪಿನಲ್ಲೇ ಕಾಣಸಿಗದಷ್ಟು ಹಳೇ ಶಿರಾಜ್ ಅಲ್ಲಿ ಉಳಿದಿದೆ.

ಇನ್ನೊಂದು ಕಾರಣ ಹವೆ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ತಿಂಗಳುಗಟ್ಟಲೆ ಮಲಗುತ್ತದೆ. ವಿಜಯಪುರ, ಸಾಂಗ್ಲಿ, ನಾರಾಯಣಗಾಂವ್ ಕಡೆ ಅದಕ್ಕೆ ನಿದ್ದೆಯೇ ಇಲ್ಲ. ಏಪ್ರಿಲ್ ಚಾಟ್ನಿ ಒಂದು, ಅಕ್ಟೋಬರ್ ಚಾಟ್ನಿ ಒಂದು; ಚಾಟ್ನಿ ಅಂದರೆ ಕಡ್ಡಿ ಸವರುವುದು. ಕಡ್ಡಿಯ ಕಣ್ಣು ಒಡೆದು ಚಿಗುರಲಿ ಅಂತ ಔಷಧಿ ಬೇರೆ ಹಚ್ಚುತ್ತೇವೆ. ಜೊತೆಗೆ ಎಕರೆಗೆ ಇಷ್ಟು ಟನ್ ಬರಲೇಬೇಕು ಅನ್ನುವ ಒತ್ತಡ. ಬಳ್ಳಿ ಬೇಗ ಬಳಲುತ್ತದೆ. ಅಪ್ಪನ ತಪ್ಪೇನೂ ಇಲ್ಲ.

ಹಾಗಾದರೆ ಬಳ್ಳಿ ಹಳೆಯದಾದರೆ ವೈನ್ ತಾನಾಗೇ ಚೆನ್ನಾಗಿರುತ್ತದಾ? ಇಲ್ಲ. ಕೆಟ್ಟ ಜಾಗದಲ್ಲಿ ನೆಟ್ಟ ಬಳ್ಳಿ 100 ವರ್ಷವಾದರೂ ಕೆಟ್ಟ ಹಣ್ಣನ್ನೇ ಕೊಡುತ್ತದೆ. ಆದರೆ ಒಳ್ಳೇ ಜಾಗದಲ್ಲಿ ವಯಸ್ಸು ಕೆಲಸಕ್ಕೆ ಬರುತ್ತದೆ. ಬೇರು ಆಳಕ್ಕೆ ಇಳಿದಿರುತ್ತದೆ, ಮಳೆ ಕೈಕೊಟ್ಟರೂ ಬಳ್ಳಿ ಕಂಗಾಲಾಗುವುದಿಲ್ಲ. ಹಿಲ್ ಆಫ್ ಗ್ರೇಸ್‌ನ ಹಳೇ ಬಳ್ಳಿಗಳು ಬೆಳೆದದ್ದು ಮಳೆ ನೀರಿನಲ್ಲೇ. ದಪ್ಪ ಬೊಡ್ಡೆಯಲ್ಲಿ ಆಹಾರ ಕೂಡಿಟ್ಟಿರುತ್ತದೆ. ಗೊಂಚಲು ಕಮ್ಮಿ. ಹಣ್ಣು ಚಿಕ್ಕದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಜಾಸ್ತಿ. ಕೆಂಪು ವೈನಿನ ಬಣ್ಣ, ಒಗರು, ವಾಸನೆ ಹೆಚ್ಚಾಗಿ ಬರುವುದು ಸಿಪ್ಪೆಯಿಂದಲೇ. ಬಾಯಿ ತೆರೆದ ತೊಟ್ಟಿಯಲ್ಲಿ ಸಿಪ್ಪೆ ಸಮೇತ ಹುಳಿಯಲು ಬಿಟ್ಟು, ಆಮೇಲೆ ಓಕ್ ಮರದ ಪೀಪಾಯಿಗೆ ತುಂಬುತ್ತಾರೆ.

ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಅಷ್ಟ ಕಮ್ಮಿ ಬಂದರ ಅವರಿಗೆ ಹೆಂಗ ಪರವಡಸ್ತದ?"

ಸರಿಯಾದ ಪ್ರಶ್ನೆ. ಈಗ ಪರವಡಿಸುತ್ತದೆ, ಒಂದು ಬಾಟಲಿಗೆ ನೂರಾರು ಡಾಲರ್ ಬೆಲೆ. ಆದರೆ ಯಾವಾಗಲೂ ಹೀಗಿರಲಿಲ್ಲ. 1980ರ ದಶಕದ ನಡುವೆ ಅಲ್ಲಿ ದ್ರಾಕ್ಷಿ ಹೆಚ್ಚಾಗಿ ಬೆಲೆ ಬಿದ್ದಾಗ, ಬಳ್ಳಿ ಕೀಳುವ ರೈತರಿಗೆ ಸರ್ಕಾರವೇ ದುಡ್ಡು ಕೊಟ್ಟಿತು. ಎಷ್ಟೋ ಹಳೇ ಶಿರಾಜ್ ತೋಟಗಳು ಆಗ ಹೋದವು. ಅದನ್ನು ಓದಿದಾಗ ನನಗೆ ಬದುವಿನ ಮೇಲೆ ಕೂತಿದ್ದ ಅಪ್ಪನೇ ಕಣ್ಣಿಗೆ ಬಂದರು. ಉಳಿದ ಬಳ್ಳಿಗಳಿಗಾಗಿ 2009ರಲ್ಲಿ ಬರೋಸಾದವರು ಒಂದು ಪಟ್ಟಿ ಮಾಡಿದರು. 35, 70, 100, 125 ವರ್ಷ ದಾಟಿದ ಬಳ್ಳಿಗೆ ಒಂದೊಂದು ಹೆಸರು. 125 ದಾಟಿದ್ದು 'ಆನ್ಸೆಸ್ಟರ್', ಅಂದರೆ ಪೂರ್ವಜ.

ಸಿರಿಲ್ 1979ರಲ್ಲಿ ತೀರಿಕೊಂಡರು. ಮಗ ಸ್ಟೀಫನ್, ಸೊಸೆ ಪ್ರೂ ಮುಂದುವರಿಸಿದರು. ಇಬ್ಬರೂ ಜರ್ಮನಿಯ ಗೈಸನ್‌ಹೈಮ್‌ನಲ್ಲಿ ದ್ರಾಕ್ಷಿ, ವೈನ್ ವಿದ್ಯೆ ಕಲಿತು ಬಂದವರು. ಫಸಲು ಚೆನ್ನಾಗಿಲ್ಲದ ವರ್ಷ ಈ ಹೆಸರಿನಲ್ಲಿ ವೈನ್ ಬಿಡುವುದೇ ಇಲ್ಲ. 2011ರಲ್ಲಿ ಮಳೆ ಕಾಡಿತು, ಆ ವರ್ಷದ ಹಿಲ್ ಆಫ್ ಗ್ರೇಸ್ ಇಲ್ಲ.

ತೋಟ ನೋಡಿಕೊಂಡವರು ಪ್ರೂ. ಹಳೇ ಬಳ್ಳಿಗಳಲ್ಲಿ ಒಳ್ಳೆಯವನ್ನು ಗುರುತು ಮಾಡಿ, ಅವುಗಳ ಕಡ್ಡಿಯನ್ನೇ ನರ್ಸರಿಯಲ್ಲಿ ಬೆಳೆಸಿದರು. ಹೊರಗಿನ ತಳಿ ಬೇಡ, ಅದೇ ಅಜ್ಜನ ಮೊಮ್ಮಗ ಇರಲಿ ಅಂತ.

ಕೊನೆಗೆ ಒಂದು ಕೋರಿಕೆ. ವಿಜಯಪುರ, ಅಥಣಿ, ತಾಸ್‌ಗಾಂವ್, ಜುನ್ನರ್ ಕಡೆಯ ಬೆಳೆಗಾರರು ಈ ವಿಡಿಯೋ ನೋಡುತ್ತಿದ್ದರೆ, ನಿಮ್ಮ ತೋಟದಲ್ಲಿ, ಮನೆ ಹಿಂದೆ, ಬಾವಿ ದಂಡೆಯಲ್ಲಿ 25 ವರ್ಷ ದಾಟಿದ ಬಳ್ಳಿ ಒಂದಾದರೂ ಇದೆಯಾ? ಬೊಡ್ಡೆಯ ಪಕ್ಕ ಸ್ಕೇಲ್ ಇಟ್ಟು ಒಂದು ಫೋಟೋ ಕಳಿಸಿ. ಯಾರು ನೆಟ್ಟದ್ದು ಅಂತಲೂ ಬರೆಯಿರಿ. ನಾನು ಅಪ್ಪನನ್ನು ಕರೆದುಕೊಂಡು ನೋಡಲು ಬರುತ್ತೇನೆ.