ಪುಟ್ಟ ಹಳೆಯ ಕಾರಿಗೆ ಎಷ್ಟು ಸಿಸಿ ಹಾಕಬಹುದು?

ಕೇಳುಗರೆಲ್ಲರಿಗೂ ನಮಸ್ಕಾರ. ಹಳೆಯ ಪುಟ್ಟ ಕಾರಿನ ಹುಚ್ಚು ಹಿಡಿದವರಿಗೆ ಇವತ್ತಿನ ಮಾತು. ಅದರಲ್ಲೂ ಬಾನೆಟ್ ಎತ್ತಿ, ಈ ಜಾಗದಲ್ಲಿ ಇನ್ನೊಂದು ದೊಡ್ಡ ಎಂಜಿನ್ ಕೂರುತ್ತಾ ಅಂತ ಅಳತೆ ಪಟ್ಟಿ ಹಿಡಿದು ನಿಂತವರಿಗೆ. ಆಸೆ ತಪ್ಪೇನಲ್ಲ. 1959ರಲ್ಲಿ ಬಂದ, ಮಿನಿ ಅನ್ನುವ ಹೆಸರಿನ ಬ್ರಿಟಿಷ್ ಕಾರಿನ ಮೊದಲ ಎಂಜಿನ್ 848 ಸಿಸಿ (ಸಿಸಿ ಅಂದರೆ ಸಿಲಿಂಡರುಗಳ ಒಳಗಿನ ಜಾಗದ ಅಳತೆ), ಶಕ್ತಿ 34 ಹಾರ್ಸ್‌ಪವರ್. 1957ರ ಪುಟ್ಟ ಫಿಯಟ್ 500 ಇನ್ನೂ ಪಾಪ, 479 ಸಿಸಿಯಲ್ಲಿ ಬರೀ 13. ಇವತ್ತಿನ ಹೆದ್ದಾರಿಯಲ್ಲಿ ಇವು ಲಾರಿಯನ್ನು ಹಿಂದೆ ಹಾಕುವುದು ಹಾಗಿರಲಿ, ಲಾರಿಯೇ ಇವುಗಳ ಹಿಂದೆ ಹಾರ್ನ್ ಹೊಡೆದುಕೊಂಡು ಬರುತ್ತದೆ.

ಹಾಗಾಗಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ, ಯಾವ ಎಂಜಿನ್ ಕೂರುತ್ತದೆ? ವೆಲ್ಡಿಂಗ್ ಮಷಿನ್ ಇದ್ದರೆ ಯಾವುದು ಬೇಕಾದರೂ ಕೂರುತ್ತದೆ ಬಿಡಿ. ಮೊದಲು ಕೇಳಬೇಕಾದ್ದು, ಕಾನೂನು ಎಷ್ಟು ಸಿಸಿವರೆಗೆ ಬಿಡುತ್ತದೆ ಅನ್ನುವುದನ್ನು. ಎಂಜಿನ್ ತಂದು ಗ್ಯಾರೇಜಿನಲ್ಲಿ ಇಳಿಸಿದ ಮೇಲೆ ಕೇಳಿದರೆ ದುಡ್ಡೂ ಹೋಯಿತು, ಜಾಗವೂ ಹೋಯಿತು.

ಈ ಮಿತಿಯನ್ನು ಲೆಕ್ಕ ಹಾಕಿ ಇಷ್ಟು ಅಂತ ಬರೆದಿಟ್ಟಿರುವುದು ಆಸ್ಟ್ರೇಲಿಯಾದವರು. ಅಲ್ಲಿ ಹಗುರ ವಾಹನಗಳ ಮಾರ್ಪಾಡಿಗೆ ಒಂದು ರಾಷ್ಟ್ರೀಯ ಸಂಹಿತೆ ಇದೆ, ಚಿಕ್ಕದಾಗಿ ವಿಎಸ್‌ಬಿ 14 ಅನ್ನುತ್ತಾರೆ. ಅದರ ಪ್ರಕಾರ ಕಾರು ಕಾರ್ಖಾನೆಯಿಂದ ಹೊರಬಂದಾಗ ಎಷ್ಟು ಕಿಲೋ ಇತ್ತೋ ಅದನ್ನು ಒಂದು ಸಂಖ್ಯೆಯಿಂದ ಗುಣಿಸಬೇಕು, ಬಂದ ಉತ್ತರವೇ ಗರಿಷ್ಠ ಸಿಸಿ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಸೂಪರ್‌ಚಾರ್ಜರ್ ಇಲ್ಲದ ಸಾದಾ ಎಂಜಿನ್ ಆದರೆ, 800 ಕಿಲೋಗಿಂತ ಹಗುರ ಕಾರಿಗೆ ಎರಡೂವರೆಯಿಂದ ಗುಣಿಸಬೇಕು. 800ರಿಂದ 1100 ಕಿಲೋವರೆಗೆ ಮೂರರಿಂದ. ಅದರ ಮೇಲಿನವಕ್ಕೆ ಐದರಿಂದ.

ಮಿನಿಯನ್ನೇ ತೆಗೆದುಕೊಳ್ಳಿ. ತೂಕ 620 ಕಿಲೋ ಅಂತಿಟ್ಟುಕೊಂಡರೆ ಎರಡೂವರೆಯಿಂದ ಗುಣಿಸಿದಾಗ 1550 ಸಿಸಿ. ಮಿನಿಗೆ ಕಂಪನಿಯೇ ಕೊಟ್ಟಿದ್ದ 1275 ಸಿಸಿ ಎಂಜಿನ್ ಆರಾಮಾಗಿ ಒಳಗೆ ಬಂತು. ಈಗ ಮಿನಿಯವರೆಲ್ಲ ಕಣ್ಣು ಹಾಕುವ ಹೋಂಡಾದ ಬಿ16 ಎಂಜಿನ್ ನೋಡಿ. ಹೆಸರಿಗೆ 1.6 ಲೀಟರ್, ನಿಜವಾದ ಅಳತೆ 1595 ಸಿಸಿ. ಅದನ್ನು ಎರಡೂವರೆಯಿಂದ ಭಾಗಿಸಿದರೆ 638. ಅಂದರೆ ನಿಮ್ಮ ಮಿನಿಯ ಮೂಲ ತೂಕ ಕಡೇಪಕ್ಷ 638 ಕಿಲೋ ಇರಬೇಕು. ಹದಿನೆಂಟೇ ಕಿಲೋ ವ್ಯತ್ಯಾಸ! ಆಮೇಲಿನ ವರ್ಷಗಳಲ್ಲಿ ಮಿನಿಗಳ ತೂಕ ಸ್ವಲ್ಪ ಸ್ವಲ್ಪವೇ ಏರಿತು. ಹಾಗಾಗಿ ನೋಡಲು ಒಂದೇ ಥರ ಇರುವ ಎರಡು ಮಿನಿಗಳಲ್ಲಿ ಒಂದಕ್ಕೆ ಈ ಎಂಜಿನ್ ಲೆಕ್ಕದೊಳಗೆ ಬರಬಹುದು, ಪಕ್ಕದಲ್ಲೇ ನಿಂತಿರುವ ಇನ್ನೊಂದಕ್ಕೆ ಬಾರದೇ ಹೋಗಬಹುದು.

ಇದರಲ್ಲಿ ಇನ್ನೊಂದು ತಮಾಷೆ ಇದೆ. 790 ಕಿಲೋ ಕಾರಿಗೆ ಲೆಕ್ಕ ಹಾಕಿ, 1975 ಸಿಸಿ ಬರುತ್ತದೆ. 810 ಕಿಲೋ ಕಾರಿಗೆ ಹಾಕಿ, ಮೂರರಿಂದ ಗುಣಿಸುವುದರಿಂದ 2430. ಇಪ್ಪತ್ತು ಕಿಲೋ ಜಾಸ್ತಿಯಾಗಿದ್ದಕ್ಕೆ 455 ಸಿಸಿ ಬಹುಮಾನ! ಹಾಗಾದರೆ ಡಿಕ್ಕಿಯಲ್ಲಿ ನಾಲ್ಕು ಮರಳು ಮೂಟೆ ಇಟ್ಟು ತೂಕ ಮಾಡಿಸಿದರೆ ಆಯಿತಲ್ವಾ ಅಂತ ಯಾರಿಗಾದರೂ ಅನ್ನಿಸಿಯೇ ಅನ್ನಿಸುತ್ತದೆ. ಆಗುವುದಿಲ್ಲ. ಲೆಕ್ಕಕ್ಕೆ ಬರುವುದು ಮೂಲ ತೂಕ ಮಾತ್ರ, ಇವತ್ತು ತಕ್ಕಡಿ ತೋರಿಸುವ ತೂಕ ಅಲ್ಲ. ಟರ್ಬೊ ಇದ್ದರೆ ಗುಣಿಸುವ ಸಂಖ್ಯೆಯೇ ಇಳಿಯುತ್ತದೆ, ಯಾಕೆಂದರೆ ಟರ್ಬೊ ಅದೇ ಸಿಲಿಂಡರಿಗೆ ಜಾಸ್ತಿ ಗಾಳಿ ತುರುಕುತ್ತದೆ, ಸಣ್ಣ ಎಂಜಿನ್ನೂ ದೊಡ್ಡದರ ಕೆಲಸ ಮಾಡುತ್ತದೆ.

ಸರಿ, ಎಂಜಿನ್ನಿಗೆ ಮಿತಿ ಹಾಕುವಾಗ ಕಾರಿನ ತೂಕ ಯಾಕೆ ನೋಡುತ್ತಾರೆ? ನನ್ನ ಪ್ರಕಾರ ಇದು ಎಂಜಿನ್ ಬಗ್ಗೆ ಇರುವ ನಿಯಮವೇ ಅಲ್ಲ. ಬ್ರೇಕು, ಸಸ್ಪೆನ್ಷನ್ನು, ತಗಡು, ಇವುಗಳ ಬಗ್ಗೆ ಇರುವ ನಿಯಮ. ಕಾರಿನ ಮೂಲ ತೂಕ ಗೊತ್ತಾದರೆ ಅದರ ಬಾಡಿ ಎಷ್ಟು ತಡೆಯುವಂತೆ ಕಟ್ಟಿದ್ದರು ಅನ್ನುವುದು ಒಂದು ಅಂದಾಜಿಗೆ ಸಿಗುತ್ತದೆ. ಮೊದಲ ಮಿನಿಗೆ ನಾಲ್ಕೂ ಕಡೆ ಏಳು ಇಂಚಿನ ಡ್ರಮ್ ಬ್ರೇಕು. ಚಕ್ರ ಹತ್ತು ಇಂಚು. ಆ ಚಕ್ರದೊಳಗೆ ಎಷ್ಟು ದೊಡ್ಡ ಬ್ರೇಕ್ ತುಂಬಿಸುತ್ತೀರಿ ಹೇಳಿ? ಅದಕ್ಕೇ ಮಿನಿಯ ಜೋರಿನ ಮಾದರಿ ಕೂಪರ್ ಎಸ್ ಮಾಡಿದಾಗ ಕಂಪನಿಯವರು ಎಂಜಿನ್ ಒಂದನ್ನೇ ದೊಡ್ಡದು ಮಾಡಲಿಲ್ಲ, ಮುಂದಕ್ಕೆ ಏಳೂವರೆ ಇಂಚಿನ ಡಿಸ್ಕ್ ಕೊಟ್ಟರು, ಜೊತೆಗೆ ಪೆಡಲ್ ಒತ್ತಡಕ್ಕೆ ಬಲ ಕೂಡಿಸುವ ಸರ್ವೊ ಕೊಟ್ಟರು. ಹನ್ನೆರಡು ಇಂಚಿನ ಚಕ್ರ ಬಂದ ಮೇಲೆ ತಾನೇ 8.4 ಇಂಚಿನ ಡಿಸ್ಕ್ ಬಂದಿದ್ದು. ವೇಗ 100 ಕಿಲೋಮೀಟರಿನಿಂದ 140ಕ್ಕೆ ಹೋದರೆ ಬ್ರೇಕು ನುಂಗಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಯಾಕೆಂದರೆ ಅದು ವೇಗವನ್ನು ವೇಗದಿಂದಲೇ ಗುಣಿಸಿದ ಲೆಕ್ಕದಲ್ಲಿ ಏರುತ್ತದೆ. ಹಳೇ ಡ್ರಮ್ಮು ಆ ಬಿಸಿಗೆ ಹಿಗ್ಗುತ್ತದೆ, ಪೆಡಲ್ ಒತ್ತಿದರೂ ಹಿಡಿತ ಸಿಗುವುದಿಲ್ಲ. ಅದಕ್ಕೇ ಎಂಜಿನ್ ಬದಲಾವಣೆಯ ಕಡತವನ್ನು ಪರಿಶೀಲಕರ ಮುಂದಿಟ್ಟರೆ ಅವರು ಮೊದಲು ಬಗ್ಗಿ ನೋಡುವುದು ಚಕ್ರದ ಒಳಗೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಬಿಡುತ್ತೇನೆ. ಮಿನಿಯವರ ಬಾಯಲ್ಲಿ 1293, 1380 ಅನ್ನುವ ಸಂಖ್ಯೆಗಳು ಪದೇ ಪದೇ ಬರುತ್ತವೆ. 1275 ಸಿಸಿ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಹತ್ತಿರ ಹತ್ತಿರ 70.6 ಮಿಲಿಮೀಟರ್. ಅದನ್ನು ಅರ್ಧ ಮಿಲಿಮೀಟರ್ ಕೊರೆಸಿದರೆ 1293. ರೇಸಿನಲ್ಲಿ 1300 ಸಿಸಿ ವರ್ಗ ಅಂತ ಇತ್ತಲ್ಲ, ಅದರ ಗೆರೆ ದಾಟದೆ ಗೆರೆಯ ಹತ್ತಿರಕ್ಕೆ ಹೋಗಲು ಇದು ಸರಿಹೊಂದುತ್ತಿತ್ತು. 73.5ಕ್ಕೆ ಕೊರೆಸಿದರೆ 1380, ಅಲ್ಲಿಗೆ ಸಿಲಿಂಡರ್ ಗೋಡೆ ತೆಳ್ಳಗಾಗಿರುತ್ತದೆ. ಆದರೆ ರೇಸಿನ ವರ್ಗ ಬೇರೆ, ರಸ್ತೆಯ ಕಾನೂನು ಬೇರೆ. ರೇಸಿನವರು ಹೂಂ ಅಂದಿದ್ದಕ್ಕೆ ರಸ್ತೆಯಲ್ಲಿ ಬೆಲೆ ಇಲ್ಲ.

ಎಲ್ಲ ದೇಶದಲ್ಲೂ ತೂಕದ ಸೂತ್ರ ಇಲ್ಲ. ಬ್ರಿಟನ್ನಿನಲ್ಲಿ ಇಷ್ಟು ಕಿಲೋಗೆ ಇಷ್ಟೇ ಸಿಸಿ ಅನ್ನುವ ಗೆರೆ ಇಲ್ಲ, ಎಂಜಿನ್ ಬದಲಾದರೆ ನೋಂದಣಿ ಪತ್ರದಲ್ಲಿ ಹೊಸ ಸಂಖ್ಯೆ, ಹೊಸ ಸಿಸಿ ಬರೆಸಬೇಕು. ಕಟ್ಟು ಬೀಳುವುದು ಬೇರೆ ಕಡೆ. ನಲವತ್ತು ವರ್ಷ ದಾಟಿದ ಕಾರಿಗೆ ಅಲ್ಲಿ ವರ್ಷವರ್ಷದ ತಪಾಸಣೆಯಿಂದ ವಿನಾಯಿತಿ ಇದೆ, ಆದರೆ ಕಾರನ್ನು ಗಣನೀಯವಾಗಿ ಬದಲಾಯಿಸಿರಬಾರದು. ಅದೇ ಎಂಜಿನ್ನಿನ ಬೇರೆ ಸಿಸಿ ಆದರೆ ಪರವಾಗಿಲ್ಲ. ಸಿಲಿಂಡರಿನ ಸಂಖ್ಯೆಯೇ ಬದಲಾಯಿತು ಅಂದರೆ ಅನುಮಾನ ಶುರು. ಜಪಾನಿನ ಕಥೆ ಇನ್ನೊಂದು ಥರ. ಅಲ್ಲಿ ಕೇಯಿ ಅನ್ನುವ ಪುಟ್ಟ ಕಾರುಗಳ ವರ್ಗವೇ ಸಿಸಿ ಮೇಲೆ ನಿಂತಿದೆ. 1958ರ ಸುಬಾರು 360 ಬಂದಾಗ ಮಿತಿ 360, ಅದರ ಎಂಜಿನ್ 356. ಮಿತಿ 1976ರಲ್ಲಿ 550 ಆಯಿತು, 1990ರಲ್ಲಿ 660. ಅದರ ಮೇಲೆ ಹೋದರೆ ಗಾಡಿ ಕೇಯಿ ಆಗಿ ಉಳಿಯುವುದಿಲ್ಲ, ಮಾಮೂಲಿ ಕಾರಾಗಿ ಮತ್ತೆ ನೋಂದಣಿ ಮಾಡಿಸಬೇಕು, ಕಡಿಮೆ ತೆರಿಗೆಯ ಲಾಭವೂ ಹೋಯಿತು.

ಭಾರತದಲ್ಲಿ? ಇಲ್ಲಿ ಗುಣಾಕಾರವೇ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಇಷ್ಟು, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಾಯಿಸುವಂತಿಲ್ಲ. ಸಿಸಿ ಆರ್‌ಸಿಯಲ್ಲೇ ಇರುತ್ತದಲ್ಲ, ಅಲ್ಲಿಗೆ ಮುಗಿಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಇನ್ನು 2021ರಲ್ಲಿ ಬಂದ ವಿಂಟೇಜ್ ನೋಂದಣಿ ಬೇಕೆಂದರೆ ಗಾಡಿಗೆ ಐವತ್ತು ವರ್ಷ ದಾಟಿರಬೇಕು, ಚಾಸಿಯಾಗಲಿ ಬಾಡಿಯಾಗಲಿ ಎಂಜಿನ್ನಾಗಲಿ ದೊಡ್ಡ ಮಾರ್ಪಾಡು ಕಂಡಿರಬಾರದು.

ಯಾವ ದೇಶವಾದರೂ ಸರಿ, ಕಾಗದದ ಕೆಲಸ ಸ್ಪ್ಯಾನರಿಗಿಂತ ಮೊದಲು. ತಯಾರಕರ ಹಳೇ ಕೈಪಿಡಿಯಲ್ಲಿ ಮೂಲ ತೂಕ ಹುಡುಕಿ, ಎಂಜಿನ್ ಬ್ಲಾಕಿನ ಮೇಲಿನ ನಂಬರ್ ಸ್ವಚ್ಛ ಮಾಡಿ ಓದಿ, ಮಾರುವವರು ಹೇಳಿದ ಸಿಸಿ ನಂಬಬೇಡಿ. ಅದೇ ಮಾಡೆಲ್ಲಿಗೆ ಕಂಪನಿ ಯಾವಾಗಲಾದರೂ ದೊಡ್ಡ ಎಂಜಿನ್ ಕೊಟ್ಟಿತ್ತಾ ನೋಡಿ, ಮಾರ್ಪಾಡಿಗೆ ಅವಕಾಶ ಇರುವ ಕಡೆ ಸಾಮಾನ್ಯವಾಗಿ ಅದೇ ಸಲೀಸಾದ ದಾರಿ. ಇನ್ಶೂರೆನ್ಸಿನವರಿಗೆ ಬರೆದು ತಿಳಿಸಿ. ಬಾಯಿಮಾತಿನಲ್ಲಿ ಹೇಳಿದ್ದೆ ಅಂದರೆ ಅಪಘಾತದ ದಿನ ಯಾರೂ ಕೇಳುವುದಿಲ್ಲ.

ಲೆಕ್ಕ ದಾಟದೆ ಓಟ ಹೆಚ್ಚಿಸಲು ಬೇರೆ ದಾರಿಯೂ ಉಂಟು. ಹೆಡ್, ಕ್ಯಾಮ್‌ಶಾಫ್ಟ್, ಕಾರ್ಬ್ಯುರೇಟರ್, ಇವುಗಳ ಕೆಲಸದಿಂದ ಸಿಸಿ ಒಂದಿಷ್ಟೂ ಏರುವುದಿಲ್ಲ. ಆದರೆ ಶಕ್ತಿಗೂ ಹೊಗೆಗೂ ಬೇರೆ ನಿಯಮ ಇರಬಹುದು, ನೋಡಿಕೊಳ್ಳಿ. ಈಗೀಗ ಕೆಲವರು ಎಂಜಿನ್ನನ್ನೇ ಇಳಿಸಿ ಎಲೆಕ್ಟ್ರಿಕ್ ಮೋಟಾರ್ ಕೂರಿಸುತ್ತಿದ್ದಾರೆ. ಭಾರತದ 52ನೇ ಸೆಕ್ಷನ್ ಕೂಡ ಷರತ್ತು ಹಾಕಿ, ಕನ್ವರ್ಷನ್ ಕಿಟ್ ಮೂಲಕ ಇದಕ್ಕೆ ಬಾಗಿಲು ತೆರೆದಿದೆ. ಮೋಟಾರಿಗೆ ಸಿಸಿಯೇ ಇಲ್ಲವಲ್ಲ, ಅಲ್ಲಿ ಕಿಲೋವ್ಯಾಟ್ ನೋಡಬೇಕು, ಬ್ಯಾಟರಿ ಎಷ್ಟು ಭಾರ, ಆ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೋ ಹಿಂದಿನದರ ಮೇಲೋ ನೋಡಬೇಕು. ಅದರ ಲೆಕ್ಕಕ್ಕೆ ಇನ್ನೊಂದು ಭಾಷಣವೇ ಬೇಕು. ನಮಸ್ಕಾರ.