ಬಲ್ಬ್ ಕೆಳಗಿನ ಕೋಳಿಮರಿ ಅಂಗಳಕ್ಕೆ ಯಾವಾಗ? ಮಲೆನಾಡಿನ ಲೆಕ್ಕವೇ ಬೇರೆ

[ದೃಶ್ಯ: ಹೆಂಚಿನ ಮಾಡಿನಿಂದ ಸುರಿಯುವ ಮಳೆ. ಒಳಗೆ ಬಲ್ಬ್ ಬೆಳಕಲ್ಲಿ ಮರಿಗಳು.]

ನಮಸ್ಕಾರ. ಗಿರಿರಾಜ ತಳಿಯ ಕೋಳಿಮರಿ ತಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ಇವನ್ನು ಹೊರಗೆ ಬಿಡೋದು ಯಾವಾಗ? ನಾಲ್ಕು ವಾರ ಅಂತ ಯಾರೋ ಹೇಳಿರುತ್ತಾರೆ. ಅರಸೀಕೆರೆ, ಕಡೂರಿನ ಏಪ್ರಿಲ್ ಬಿಸಿಲಿಗೆ ಅದು ನಡೆಯುತ್ತದೆ. ಜುಲೈ ತಿಂಗಳ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಅದೇ ಲೆಕ್ಕ ಹಿಡಿದರೆ ಮರಿ ಉಳಿಯುವುದು ಕಷ್ಟ.

ಹೊಸ ಮರಿಯ ಮೈಮೇಲೆ ಇರುವುದು ಬರೀ ತುಪ್ಪಳ. ಮೈಯ ಶಾಖವನ್ನು ಅದು ತಾನೇ ಹಿಡಿದಿಟ್ಟುಕೊಳ್ಳಲಾರದು. ನಾಟಿ ಕೋಳಿಯಾದರೆ ತಾಯಿ ರೆಕ್ಕೆಯೊಳಗೆ ಎಳೆದುಕೊಳ್ಳುತ್ತದೆ. ಯಂತ್ರದಲ್ಲಿ ಮೊಟ್ಟೆ ಒಡೆಸಿದ ಹ್ಯಾಚರಿ ಮರಿಗೆ ಆ ಭಾಗ್ಯ ಇಲ್ಲ, ಅದಕ್ಕೇ ಬ್ರೂಡರ್, ಅಂದರೆ ಬಲ್ಬಿನಿಂದ ಕಾವು ಕೊಡುವ ಸುತ್ತು.

[ದೃಶ್ಯ: ತಗಡಿನ ಸುತ್ತು, ಭತ್ತದ ಹೊಟ್ಟು ಹರಡುವ ಕೈಗಳು.]

ಐವತ್ತು ಮರಿಗೆ ನಾಲ್ಕು ಅಡಿ ಅಗಲದ ಸುತ್ತು ಮೊದಲ ವಾರಕ್ಕೆ ಸಾಕು. ಆಮೇಲೆ ವಾರವಾರ ಹಿಗ್ಗಿಸಿ. ತಗಡೋ ದಪ್ಪ ರಟ್ಟೋ, ಒಂದೂವರೆ ಅಡಿ ಎತ್ತರ ಇರಲಿ. ಆಕಾರ ಮಾತ್ರ ದುಂಡಗಿರಲಿ. ಮೂಲೆ ಇದ್ದರೆ ಚಳಿಗೆ ಮರಿಗಳು ಅಲ್ಲೇ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಕೆಳಗೆ ಎರಡು ಇಂಚು ಒಣ ಹೊಟ್ಟು, ಅದರ ಮೇಲೆ ಎರಡು ಮೂರು ದಿನ ನ್ಯೂಸ್ ಪೇಪರ್. ನುಣುಪು ಕಾಗದ ಬೇಡ, ಕಾಲು ಜಾರಿ ಅಗಲವಾಗಿಬಿಡುತ್ತದೆ.

ಈಗ ಬಲ್ಬ್. ಮನೆಯಲ್ಲಿರುವ ಎಲ್‌ಇಡಿ ಬಲ್ಬ್ ತಂದು ತೂಗುಹಾಕಿದರೆ ಬೆಳಕು ಬರುತ್ತದೆ, ಕಾವು ಬರುವುದಿಲ್ಲ! ಹಳೇ ಕಾಲದ ತಂತಿ ಬಲ್ಬ್ ಬೇಕು. ಮರಿಗೆ ಎರಡು ವ್ಯಾಟ್ ಲೆಕ್ಕ. ಐವತ್ತಕ್ಕೆ ಒಂದು ನೂರರ ಬಲ್ಬಿಗಿಂತ ಎರಡು ಅರವತ್ತರದ್ದು ಹಾಕುವುದೇ ವಾಸಿ. ರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಇರುತ್ತದೆ. ಸರಪಳಿ ಕಟ್ಟಿ ನೇತುಹಾಕಿ, ಬರೀ ವೈರ್ ನಂಬಬೇಡಿ. ಹೊಟ್ಟಿನ ಮೇಲೆ ಬಿದ್ದರೆ ಬೆಂಕಿಯೇ. ಮರಿ ಬರುವ ಕೆಲವು ಗಂಟೆ ಮೊದಲೇ ಸ್ವಿಚ್ ಹಾಕಿಡಿ. ಬಂದ ಕೂಡಲೇ ಬೆಲ್ಲದ ನೀರು, ಆಮೇಲೆ ಸ್ಟಾರ್ಟರ್ ಫೀಡ್, ಅಂದರೆ ಎಳೆ ಮರಿಗಳ ಆಹಾರ.

ಮೊದಲ ವಾರ ಮರಿ ಮಟ್ಟದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್. ಪ್ರತಿ ವಾರ 5 ಡಿಗ್ರಿ ಇಳಿಸಿ, ಅಂದರೆ ಬಲ್ಬ್ ಸ್ವಲ್ಪ ಮೇಲಕ್ಕೆ ಎಳೆಯಿರಿ. ಥರ್ಮಾಮೀಟರ್ ಇಲ್ವಾ? ಮರಿಗಳನ್ನೇ ನೋಡಿ.

[ದೃಶ್ಯ: ಮೇಲಿನಿಂದ ಮೂರು ಚಿತ್ರ: ಗುಂಪಾದ, ಅಂಚಿಗೆ ಸರಿದ, ಹರಡಿಕೊಂಡ ಮರಿಗಳು.]

ಬಲ್ಬ್ ಕೆಳಗೆ ಗುಂಪುಗೂಡಿ ಚೀಂವ್ ಚೀಂವ್ ಅಂದರೆ ಚಳಿ. ಅಂಚಿಗೆ ಓಡಿ ಬಾಯಿ ತೆರೆದರೆ ಸೆಕೆ. ಒಂದೇ ಪಕ್ಕಕ್ಕೆ ಸರಿದಿದ್ದರೆ ಎದುರಿನಿಂದ ಗಾಳಿ ನುಗ್ಗುತ್ತಿದೆ. ಹರಡಿಕೊಂಡು ತಿನ್ನುತ್ತಿದ್ದರೆ ಸುಮ್ನೆ ಬಿಟ್ಟುಬಿಡಿ.

ಮಳೆಗಾಲದಲ್ಲಿ ಕರೆಂಟ್ ಕಥೆ ನಿಮಗೇ ಗೊತ್ತು. ಹಲವರು ಮಡಕೆಯಲ್ಲಿ ಕೆಂಡ ಇಡುತ್ತಾರೆ. ಇಡಬಹುದು, ಆದರೆ ಮೇಲೆ ಬೂದಿ ಮುಚ್ಚಿ, ಕೋಣೆಯ ಮೇಲ್ಭಾಗದಲ್ಲಿ ಗಾಳಿ ಆಡಲು ಜಾಗ ಬಿಡಿ. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅನಿಲ ಮರಿಯನ್ನೂ ಕೊಲ್ಲುತ್ತದೆ, ಪಕ್ಕದಲ್ಲಿ ಮಲಗಿದವರನ್ನೂ. ನನಗಂತೂ ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಬಾಟಲಿಗಳೇ ಇಷ್ಟ.

ನಮ್ಮ ಕಡೆ ಚಳಿಯಷ್ಟೇ ದೊಡ್ಡ ಶತ್ರು ಒದ್ದೆ. ಹೊಟ್ಟು ನೆನೆದರೆ ರಕ್ತಭೇದಿಯ ರೋಗಾಣು ಬೆಳೆಯುತ್ತದೆ, ಸಾಮಾನ್ಯವಾಗಿ ಮೂರನೇ ವಾರದ ನಂತರ ಕಾಣಿಸುತ್ತದೆ. ಮರಿ ತೂಕಡಿಸುತ್ತದೆ, ಹಿಕ್ಕೆಯಲ್ಲಿ ರಕ್ತ. ನೀರಿನ ತಟ್ಟೆಯನ್ನು ಇಟ್ಟಿಗೆ ಮೇಲಿಡಿ, ದಿನಾ ಹೊಟ್ಟು ಕೆದಕಿ, ನೆನೆದದ್ದನ್ನು ಎತ್ತಿ ಬಿಸಾಕಿ. ರಕ್ತ ಕಂಡ ದಿನವೇ ಪಶುವೈದ್ಯರ ಹತ್ತಿರ ಹೋಗಿ.

ಲಸಿಕೆ ಬಗ್ಗೆ ಚಿಕ್ಕದಾಗಿ: ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲ ವಾರ ಲಸೋಟ ಎಂಬ ಲಸಿಕೆಯ ಹನಿ, 14ನೇ ದಿನದ ಸುಮಾರಿಗೆ ಗಂಬೋರೊ ರೋಗದ ಲಸಿಕೆ, 28ರ ಸುಮಾರಿಗೆ ಮತ್ತೆ ಲಸೋಟ. ಒಂದು ಸೀಸೆಯಲ್ಲಿ ನೂರಾರು ಮರಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅಕ್ಕಪಕ್ಕದ ಮನೆಯವರು ಒಂದೇ ದಿನ ಹಾಕಿಸಿದರೆ ಎಲ್ಲರಿಗೂ ಉಳಿತಾಯ, ಅಲ್ವಾ?

[ದೃಶ್ಯ: ಕಾಫಿ ಗಿಡಗಳ ನಡುವೆ ಬಲೆ ಹೊದಿಸಿದ ಆವರಣ.]

ಇನ್ನು ಅಂಗಳ. ನಾಲ್ಕನೇ ವಾರದಿಂದ ಹಗಲಲ್ಲಿ ಬಲ್ಬ್ ಆರಿಸಿ ನೋಡಿ. ಮರಿಯನ್ನು ಕೈಗೆತ್ತಿಕೊಂಡು ಎದೆ, ಬೆನ್ನು ಸವರಿ. ತುಪ್ಪಳ ಹೋಗಿ ಗರಿ ತುಂಬಿರಬೇಕು. ಆರನೇ ವಾರಕ್ಕೆ ಬಹುತೇಕ ತುಂಬುತ್ತದೆ. ಆಗಲೂ ಜಡಿಮಳೆ ಇದ್ದರೆ ಬಿಡಬೇಡಿ, ಹೊಳವಾಗುವವರೆಗೆ ಕಾಯಿರಿ. ಮೊದಮೊದಲು ಇಬ್ಬನಿ ಆರಿದ ಮೇಲೆ ಎರಡು ಗಂಟೆ ಸಾಕು, ಅದೂ ಮೇಲೆ ಬಲೆ ಇರುವ ಜಾಗದಲ್ಲಿ. ಗಿಡುಗ ಮೇಲಿನಿಂದ ಬರುತ್ತದೆ, ಮುಂಗುಸಿ ಬೇಲಿ ಸಂದಿಯಿಂದ.

ತೋಟದವರಿಗೆ ಇನ್ನೊಂದು ಮಾತು. ಕಾಫಿ, ಮೆಣಸಿಗೆ ಬೋರ್ಡೋ ದ್ರಾವಣವೋ ಕೀಟನಾಶಕವೋ ಹೊಡೆದ ದಿನಗಳಲ್ಲಿ ಮರಿಗಳನ್ನು ಆ ಕಡೆ ಬಿಡಬೇಡಿ. ಎಲೆಯಿಂದ ತೊಟ್ಟಿಕ್ಕಿ ಗುಂಡಿಯಲ್ಲಿ ನಿಂತ ನೀರನ್ನು ಅವು ಕುಡಿದುಬಿಡುತ್ತವೆ. ಕುಡಿಯುವ ನೀರು ಗೂಡಿನ ಹತ್ತಿರವೇ ಇರಲಿ. ಸಂಜೆ ಕತ್ತಲಾಗುವ ಮೊದಲೇ ಎಲ್ಲವನ್ನೂ ಒಳಗೆ ಸೇರಿಸಿ, ಎಣಿಸಿ, ಬಾಗಿಲು ಹಾಕಿ.