ಸಿಟ್ಟು ನುಂಗಿದವರ ಒಳ್ಳೆಯತನ

ಕೇಳುಗರಿಗೆ ನಮಸ್ಕಾರ.

ನಾನು ಚಿಕ್ಕವನಿದ್ದಾಗ ನಾವು ಒಂದು ವಠಾರದಲ್ಲಿ ಬಾಡಿಗೆಗೆ ಇದ್ದೆವು. ನೀರಿನ ಮೋಟಾರಿನ ಸ್ವಿಚ್ ಇದ್ದದ್ದು ಓನರ್ ಮನೆಯೊಳಗೆ. ಬಾಡಿಗೆ ನಾಲ್ಕು ದಿನ ತಡವಾದರೆ ಸಾಕು, ನಮ್ಮ ನಲ್ಲಿ ಒಣಗುತ್ತಿತ್ತು. ಒಂದು ಬೆಳಿಗ್ಗೆ ಅಮ್ಮ ಕೇಳಲು ಹೋದಳು. ಎಲ್ಲರ ಎದುರು ಬೈಸಿಕೊಂಡು ಬಂದಳು. ತಿರುಗಿ ಒಂದು ಮಾತೂ ಆಡಲಿಲ್ಲ. ಒಳಗೆ ಬಂದು, ಕೊಡದ ತಳದಲ್ಲಿ ಉಳಿದಿದ್ದ ನೀರನ್ನು ಪಾತ್ರೆಗೆ ಬಗ್ಗಿಸುತ್ತ ಹೇಳಿದಳು: "ನಾವು ಅವರ ಥರ ಆಗೋದು ಬೇಡ. ದೇವರು ನೋಡ್ಕೋತಾನೆ."

ಎಷ್ಟೋ ವರ್ಷಗಳ ನಂತರ ಜರ್ಮನಿಯ ಚಿಂತಕ ಫ್ರೆಡ್ರಿಕ್ ನೀತ್ಶೆಯನ್ನು ಓದುವಾಗ ಆ ಮಾತು ಮತ್ತೆ ಎದುರಾಯಿತು. 1887ರ ಬೇಸಿಗೆಯಲ್ಲಿ, ಸ್ವಿಟ್ಜರ್ಲೆಂಡಿನ ಸಿಲ್ಸ್ ಮರಿಯಾ ಎಂಬ ಬೆಟ್ಟದೂರಿನಲ್ಲಿ ಕೂತು ಅವನು ನೀತಿಯ ವಂಶಾವಳಿಯ ಬಗ್ಗೆ ಒಂದು ಪುಸ್ತಕ ಬರೆದ. ಅವನ ಪ್ರಶ್ನೆ ನೇರವಾದದ್ದು. ಒಳ್ಳೆಯದು, ಕೆಟ್ಟದ್ದು ಎಂಬ ಮಾತು ಮೊದಲು ಹುಟ್ಟಿದ್ದು ಯಾರ ಬಾಯಲ್ಲಿ?

ಬಲಶಾಲಿಗಳ ಬಾಯಲ್ಲಿ, ಅನ್ನುತ್ತಾನೆ ನೀತ್ಶೆ. ಗೆದ್ದವರು, ಆಳುವವರು ಮೊದಲು ತಮ್ಮನ್ನೇ ನೋಡಿಕೊಂಡು 'ನಾವು ಒಳ್ಳೆಯವರು' ಅಂದರು. ಮಿಕ್ಕವರು ಅವರ ಕಣ್ಣಿಗೆ ಬರೀ ಕೀಳು. ನೀತ್ಶೆ ಹಳೆಯ ಭಾಷೆಗಳನ್ನು ಓದಿಕೊಂಡವನು. 24ನೇ ವಯಸ್ಸಿಗೇ ಬಾಸೆಲ್‌ನಲ್ಲಿ ಪ್ರೊಫೆಸರ್ ಆದವನು. ಹಾಗಾಗಿ ಅವನು ಸಾಕ್ಷಿ ಹುಡುಕಿದ್ದು ಪದಗಳಲ್ಲಿ. ಜರ್ಮನ್ ಭಾಷೆಯಲ್ಲಿ 'ಕೆಟ್ಟ' ಎನ್ನಲು 'ಷ್ಲೆಖ್ಟ್' ಎಂಬ ಪದವಿದೆ. 'ಷ್ಲಿಖ್ಟ್' ಎಂದರೆ ಸಾದಾ, ಸಾಮಾನ್ಯ. ಎರಡೂ ಮೊದಲಿಗೆ ಒಂದೇ ಆಗಿದ್ದವು ಎಂದು ಅವನು ತೋರಿಸುತ್ತಾನೆ. ನಮ್ಮ ಮಾತಿನಲ್ಲೂ ಇದರ ಗುರುತು ಸಿಗುತ್ತದೆ, ಅಲ್ವಾ? ದೊಡ್ಡತನ ಎಂದರೆ ಒಳ್ಳೆಯ ಗುಣ. ಸಣ್ಣತನ ಎಂದರೆ ಬೈಗುಳ.

ಆಮೇಲೆ ತುಳಿಸಿಕೊಂಡವರ ಸರದಿ. ಅವರಿಗೂ ಸಿಟ್ಟು ಬರುತ್ತದೆ, ಆದರೆ ತಿರುಗಿ ಹೊಡೆಯುವ ಶಕ್ತಿಯಿಲ್ಲ. ಸಿಟ್ಟು ಒಳಗೇ ಕುದಿಯುತ್ತದೆ. ಕುದಿದು ಕುದಿದು ಅದೇ ಒಂದು ಹೊಸ ನೀತಿಯನ್ನು ಹೆರುತ್ತದೆ. ಇಲ್ಲಿ ನೀತ್ಶೆ ಕುರಿಮರಿಗಳ ಮಾತು ತರುತ್ತಾನೆ. ಮರಿಗಳನ್ನು ಹೊತ್ತೊಯ್ಯುವ ಹದ್ದುಗಳಿವೆ. ಮರಿಗಳು ತಮ್ಮತಮ್ಮಲ್ಲೇ ಅಂದುಕೊಳ್ಳುತ್ತವೆ: ಈ ಹದ್ದುಗಳು ದುಷ್ಟರು, ಹಾಗಾದರೆ ಹದ್ದಿನಂತೆ ಇಲ್ಲದವರೇ ಒಳ್ಳೆಯವರು ತಾನೇ? ಹದ್ದುಗಳಿಗೆ ಮರಿಗಳ ಮೇಲೆ ಯಾವ ದ್ವೇಷವೂ ಇಲ್ಲ. ಎಳೆಯ ಮರಿಗಿಂತ ರುಚಿ ಬೇರೆ ಇಲ್ಲ, ಅಷ್ಟೇ.

ಹೀಗೆ ಕೈಲಾಗದ್ದಕ್ಕೆಲ್ಲ ಚೆಂದದ ಹೆಸರು ಬಂತು, ಎನ್ನುವುದು ಅವನ ವಾದ. ಸೇಡು ತೀರಿಸಿಕೊಳ್ಳಲು ಆಗದಿದ್ದರೆ ಅದು ಕ್ಷಮೆ. ಅಂಜಿಕೆ ವಿನಯವಾಯಿತು. ಬೇರೆ ದಾರಿ ಕಾಣದೆ ಕಾದು ಕೂತರೆ ತಾಳ್ಮೆ. ಯೋಚಿಸಿ ನೋಡಿ, ಒಬ್ಬ ಹುಡುಗನನ್ನು ನಾವು ಹೇಗೆ ಹೊಗಳುತ್ತೇವೆ? "ತುಂಬಾ ಒಳ್ಳೆಯವನು, ಯಾರ ತಂಟೆಗೂ ಹೋಗಲ್ಲ." ಅವನು ಏನು ಮಾಡಿದ ಅಂತ ಹೇಳುವುದಿಲ್ಲ. ಏನು ಮಾಡಲಿಲ್ಲ ಅಂತ ಹೇಳುತ್ತೇವೆ. ಹಸುವಿನ ವಿಷಯಕ್ಕೂ ಅಷ್ಟೇ. ಒದೆಯದಿದ್ದರೆ ಅದು ಸಾಧು.

ಈ ಮಾತು ಓದಿದ ದಿನ ನನಗೆ ನಿಜಕ್ಕೂ ನೋವಾಯಿತು. ಅಮ್ಮನ ಆ ಸುಮ್ಮನಿರುವಿಕೆ ಬರೀ ಕೈಲಾಗದತನವೇ? ಕೈಯಲ್ಲಿ ಮೂರು ಮಕ್ಕಳು, ಅಡ್ವಾನ್ಸ್ ಕೊಟ್ಟು ಬೇರೆ ಮನೆ ಹಿಡಿಯಲು ದುಡ್ಡಿಲ್ಲ. ಬೈದಿದ್ದರೆ ಅವತ್ತೇ ಸಾಮಾನು ಬೀದಿಗೆ ಬರುತ್ತಿತ್ತು. ಅಷ್ಟರ ಮಟ್ಟಿಗೆ ನೀತ್ಶೆ ಹೇಳಿದ್ದು ಸರಿ ಎಂದು ಒಪ್ಪುತ್ತೇನೆ. ಆದರೆ ಪೂರ್ತಿ ಒಪ್ಪಲಾರೆ. 'ಇದು ಅನ್ಯಾಯ' ಎಂಬ ಮಾತು ಹದ್ದಿನ ಬಾಯಿಂದ ಯಾವತ್ತೂ ಬರುತ್ತಿರಲಿಲ್ಲ. ಅದನ್ನು ಕಂಡುಹಿಡಿಯಲು ಪೆಟ್ಟು ತಿಂದವರೇ ಬೇಕಾಯಿತು. ಹುಟ್ಟಿದ್ದು ನೋವಿನಲ್ಲಿ ಎಂದ ಮಾತ್ರಕ್ಕೆ ಆ ಮಾತು ಸುಳ್ಳಾಗುವುದಿಲ್ಲ.

ಬಲವನ್ನು ಇಷ್ಟೊಂದು ಹಾಡಿ ಹೊಗಳಿದ ನೀತ್ಶೆಯ ಮೈಯಲ್ಲಿ ಬಲ ಇರಲಿಲ್ಲ ಎಂಬುದನ್ನೂ ಹೇಳಬೇಕು. ವಿಪರೀತ ತಲೆನೋವು, ಮಂಜಾಗುತ್ತಿದ್ದ ಕಣ್ಣು. 1879ರಲ್ಲಿ, 34ನೇ ವಯಸ್ಸಿಗೆ, ಕೆಲಸ ಬಿಟ್ಟ. 1889ರಲ್ಲಿ ಮನಸ್ಸೇ ಕುಸಿಯಿತು. ಕೊನೆಯ ವರ್ಷಗಳಲ್ಲಿ ಅವನನ್ನು ಅಮ್ಮ, ಆಮೇಲೆ ತಂಗಿ ನೋಡಿಕೊಂಡರು.

ಅದೇ ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ ಜಾಗ ಒಂದಿದೆ. ನಿಜವಾಗಿ ಬಲವಿರುವ ಸಮಾಜ ತನಗೆ ಕೇಡು ಮಾಡಿದವರನ್ನು ಶಿಕ್ಷಿಸದೆ ಬಿಡಬಲ್ಲದು, ಕರುಣೆ ಎನ್ನುವುದು ಎಲ್ಲರಿಗಿಂತ ಬಲವುಳ್ಳವನ ಹಕ್ಕು ಎಂದು ಅಲ್ಲಿ ಬರೆಯುತ್ತಾನೆ. ಅಂದರೆ ಕ್ಷಮಿಸುವವರಲ್ಲೂ ಎರಡು ಬಗೆ. ಕೈಲಾಗದೆ ಬಿಟ್ಟವರು, ಕೈಲಾಗಿಯೂ ಬಿಟ್ಟವರು. ಯಾರು ಯಾವ ಬಗೆ ಎಂದು ತಿಳಿಯುವುದು ಕೈಗೆ ಅಧಿಕಾರ ಬಂದಾಗಲೇ.

ಅಪ್ಪ ರಿಟೈರ್ ಆದ ಮೇಲೆ ನಾವು ಸ್ವಂತ ಮನೆ ಕಟ್ಟಿಸಿದೆವು. ಹಿಂದೆ ಒಂದು ಪುಟ್ಟ ಮನೆ, ಬಾಡಿಗೆಗೆ. ಮೋಟಾರಿನ ಸ್ವಿಚ್ ಎಲ್ಲಿಡೋದು ಎಂದು ವೈರಿಂಗ್‌ನವನು ಕೇಳಿದ. ಅಮ್ಮ ಎದ್ದು ಹೋಗಿ ಎರಡು ಮನೆಗಳ ನಡುವಿನ ಹೊರಗೋಡೆ ತೋರಿಸಿದಳು. ಬಾಡಿಗೆಯವರ ಕೈಗೂ ಸಿಗುವ ಹಾಗೆ. ಅವರು ಎರಡು ತಿಂಗಳು ಬಾಡಿಗೆ ಕೊಡದಿದ್ದಾಗಲೂ ಆ ಸ್ವಿಚ್ ಅಲ್ಲೇ ಇತ್ತು.

ಆ ಹಳೆಯ ಓನರ್ ಹೆಸರು ಬಂದರೆ ಮಾತ್ರ ಅಮ್ಮ ಇವತ್ತಿಗೂ ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ನಮಸ್ಕಾರ.